ತಲ್ಲಣದ ಹೊತ್ತಿಗೆ ಕೈಗೆಟಕುವ ಡಬ್ಬಿ

ದುಃಖ, ಭಯ ಅಥವಾ ಸಿಟ್ಟು ಮಿತಿಮೀರಿದಾಗ ಕಣ್ಣು, ಕಿವಿ, ಮೂಗು, ನಾಲಗೆ ಮತ್ತು ಚರ್ಮದ ಮೂಲಕ ಮನಸ್ಸನ್ನು ಸಮಾಧಾನಪಡಿಸಿಕೊಳ್ಳುವ ಅಭ್ಯಾಸವನ್ನು, ಅಮೆರಿಕದ ಮನಃಶಾಸ್ತ್ರಜ್ಞೆ ಮಾರ್ಷಾ ಲೈನ್‌ಹನ್ ರೂಪಿಸಿದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮಾನಸಿಕ ಚಿಕಿತ್ಸೆಯಲ್ಲಿ ಸಂಕಟವನ್ನು ತಾಳಿಕೊಳ್ಳುವ ಕೌಶಲಗಳಲ್ಲಿ ಒಂದಾಗಿ ಕಲಿಸಲಾಗುತ್ತದೆ. ಅದರಿಂದ ಸಾಲ ತೀರುವುದಿಲ್ಲ, ಹೋದವರು ಹಿಂತಿರುಗುವುದಿಲ್ಲ. ಈ ಕ್ಷಣದಲ್ಲಿ ಬಗೆಹರಿಯದ ಸಂಕಟವನ್ನು ಇನ್ನಷ್ಟು ಕೆಡಿಸಿಕೊಳ್ಳದೆ ಮುಂದಿನ ಅರ್ಧ ಗಂಟೆಯನ್ನು ದಾಟಲು ಮಾತ್ರ ಅದು ನೆರವಾಗುತ್ತದೆ. ಮಡಿಕೇರಿಯ ಸುತ್ತಮುತ್ತ ಹಲವರಿಗೆ ಇದನ್ನು ಹೇಳಿಕೊಟ್ಟಿದ್ದೇನೆ. ಅವರಲ್ಲಿ ಹೆಚ್ಚಿನವರು ಎಡವಿದ್ದು ವಸ್ತುಗಳನ್ನು ಆರಿಸುವಾಗ ಮತ್ತು ಅವುಗಳ ಮೇಲೆ ಗಮನವನ್ನು ನಿಲ್ಲಿಸುವಾಗ. ಆದ್ದರಿಂದ ಆ ಎರಡನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಕೆಲಸವನ್ನು ಮನಸ್ಸು ನೆಮ್ಮದಿಯಾಗಿರುವ ದಿನವೇ ಮಾಡಬೇಕು. ಬಿಗಿಯಾದ ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿಯನ್ನು ತೆಗೆದುಕೊಂಡು, ಒಂದೊಂದು ಇಂದ್ರಿಯಕ್ಕೆ ಒಂದೊಂದು ವಸ್ತುವನ್ನು ಅದರಲ್ಲಿ ಇಡಿ. ತಲ್ಲಣ ಶುರುವಾದ ಮೇಲೆ ಏನು ಬೇಕೆಂದು ಹುಡುಕಲು ಹೊರಟರೆ ಕೈಗೆ ಸಿಗುವುದು ಮೊಬೈಲ್ ಒಂದೇ.

ವಾಸನೆಯಿಂದ ಆರಂಭಿಸುವುದು ಒಳ್ಳೆಯದು. ಉಳಿದ ಇಂದ್ರಿಯಗಳ ಸಂಕೇತಗಳು ಮೆದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತವೆ. ವಾಸನೆಯದು ಹಾಗಲ್ಲ, ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳನ್ನು ಅದು ಬಹುಮಟ್ಟಿಗೆ ನೇರವಾಗಿ ತಲುಪುತ್ತದೆ. ಇದೇ ಕಾರಣಕ್ಕೆ ವಾಸನೆಯ ಆಯ್ಕೆಯಲ್ಲಿ ಹೆಚ್ಚು ಎಚ್ಚರ ಬೇಕು. ಕಾಫಿ ಗಿಡ ಹೂಬಿಡಲು ಬೇಕಾದ ಬೇಸಿಗೆಯ ಹೂಮಳೆಯ ನಂತರ ತೋಟವಿಡೀ ಅರಳುವ ಕಾಫಿ ಹೂವಿನ ಪರಿಮಳ ಒಬ್ಬರಿಗೆ ಬಾಲ್ಯವನ್ನು ತಂದುಕೊಟ್ಟರೆ, ಅದೇ ತಿಂಗಳಲ್ಲಿ ಗಂಡನನ್ನು ಕಳೆದುಕೊಂಡವರಿಗೆ ಅದು ಆ ದಿನವನ್ನೇ ತರುತ್ತದೆ. ಕಿವಿಯ ವಿಷಯವೂ ಹೀಗೆಯೇ. ಮಳೆಯ ಸದ್ದು ಎಲ್ಲರಿಗೂ ಹಿತವೆಂದು ಅನೇಕರು ಬರೆಯುತ್ತಾರೆ. ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದುದನ್ನು ಕಂಡವರ ಮುಂದೆ ಶೀಟಿನ ಮೇಲೆ ಮಳೆ ಬೀಳುವ ಧ್ವನಿಮುದ್ರಿಕೆಯನ್ನು ಹಾಕುವುದು ಕ್ರೌರ್ಯವಾದೀತು. ಆರಿಸಿದ ವಸ್ತುವನ್ನು ಬೇರೆ ಬೇರೆ ಮೂರು ದಿನ ಮೂಸಿ ಅಥವಾ ಕೇಳಿ ನೋಡಿ. ಎದೆ ಬಿಗಿಯಾದರೆ, ಉಸಿರು ಮೇಲಕ್ಕೆಳೆದಂತಾದರೆ, ಅದು ಎಷ್ಟೇ ಪ್ರಿಯವಾಗಿದ್ದರೂ ಡಬ್ಬಿಗೆ ಬೇಡ.

ನನ್ನ ಡಬ್ಬಿಯಲ್ಲಿ ಇರುವುದು ಸಿಪ್ಪೆ ಸಹಿತವಾದ ಏಲಕ್ಕಿ. ಪರಿಮಳದ ಮೇಣದಬತ್ತಿ, ರೂಮ್ ಫ್ರೆಶ್ನರ್ ಮತ್ತು ಅಗ್ಗದ ಅಗರಬತ್ತಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಅವುಗಳ ಗಾಟು ಅನೇಕರಿಗೆ ತಲೆನೋವು ತರುತ್ತದೆ, ಜೊತೆಗೆ ಕೈಗೆ ಕೆಲಸವನ್ನೂ ಕೊಡುವುದಿಲ್ಲ. ಏಲಕ್ಕಿಯನ್ನಾದರೆ ಉಗುರಿನಿಂದ ಸೀಳಬೇಕು, ಸಿಪ್ಪೆ ಬಿಡಿಸಬೇಕು. ಒಳಗಿನ ಮೂರು ಕೋಣೆಗಳಲ್ಲಿ ಒತ್ತೊತ್ತಾಗಿ ಕುಳಿತಿರುವ ಕಪ್ಪು ಕಾಳುಗಳನ್ನು ಒಂದೊಂದಾಗಿ ಎಬ್ಬಿಸಿ, ಒಂದನ್ನು ಬೆರಳುಗಳ ನಡುವೆ ಅರೆದು ಮೂಗಿನ ಬಳಿ ಹಿಡಿಯಬೇಕು.

ಉಳಿದವು ಸುಲಭ. ಕಣ್ಣಿಗೆ ನಿಮಗಿಷ್ಟವಾದ ಒಂದು ಚಿತ್ರ, ಚರ್ಮಕ್ಕೆ ಹಳೆಯ ಕಂಬಳಿಯ ತುಂಡು, ನಾಲಗೆಗೆ ಬೆಲ್ಲದ ಚೂರು ಸಾಕು. ಎದೆ ಡವಗುಟ್ಟುತ್ತಿರುವಾಗ ಕಾಫಿಯನ್ನು ಮಾತ್ರ ಕುಡಿಯಬೇಡಿ, ಅದರಲ್ಲಿರುವ ಕೆಫೀನ್ ಆ ಬಡಿತವನ್ನು ಇನ್ನಷ್ಟು ಹೆಚ್ಚಿಸಬಹುದು. ಒಂದು ಪೆಗ್ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಬಹಳ ಕೇಳಿಬರುತ್ತದೆ. ಮದ್ಯ ಇಂದ್ರಿಯಗಳನ್ನು ಮಂಕಾಗಿಸುತ್ತದೆ, ನಡುರಾತ್ರಿಯ ನಿದ್ದೆಯನ್ನು ಕೆಡಿಸುತ್ತದೆ. ಅದನ್ನು ಈ ಅಭ್ಯಾಸದ ಜೊತೆ ಬೆರೆಸಲೇಬಾರದು.

ಇನ್ನು ಕಷ್ಟದ ಹಂತಕ್ಕೆ ಬರೋಣ. ನನ್ನ ಪರಿಚಯದ ಮಹಿಳೆಯೊಬ್ಬರು ಹದಿನೈದು ನಿಮಿಷ ಏಲಕ್ಕಿ ಮೂಸಿದರೂ ಏನೂ ಆಗಲಿಲ್ಲವೆಂದು ಬೇಸರದಿಂದ ಹೇಳಿದರು. ಆ ಹೊತ್ತಿನಲ್ಲಿ ಏನನ್ನು ಯೋಚಿಸುತ್ತಿದ್ದಿರಿ ಎಂದು ಕೇಳಿದಾಗ, ಮೆಣಸಿನ ಬಳ್ಳಿ ಒಣಗಿದ್ದು, ಬ್ಯಾಂಕಿನ ಕಂತು, ಮೈದುನ ಆಡಿದ ಮಾತು, ಎಲ್ಲವೂ ಒಂದರ ಹಿಂದೆ ಒಂದಾಗಿ ಬಂದವು. ಮೂಗಿನ ಬಳಿ ಏಲಕ್ಕಿ ಇತ್ತು, ಮನಸ್ಸು ಬ್ಯಾಂಕಿನಲ್ಲಿತ್ತು. ಇದನ್ನು ತಪ್ಪಿಸಲು ಅನುಭವಕ್ಕೆ ಬರುವುದನ್ನು ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಳ್ಳಿ: ಸಿಪ್ಪೆ ಒರಟಾಗಿದೆ, ಕಾಳು ಅಂಟುತ್ತಿದೆ, ವಾಸನೆ ಮೊದಲು ತಂಪಾಗಿದ್ದು ಆಮೇಲೆ ಖಾರವಾಯಿತು. ಯೋಚನೆ ನುಗ್ಗಿ ಬಂದಾಗ ಅದರೊಡನೆ ವಾದಕ್ಕೆ ಇಳಿಯಬೇಡಿ, ಬೆರಳಿನಲ್ಲಿರುವ ಕಾಳಿನ ಕಡೆಗೆ ಮರಳಿ ಬನ್ನಿ. ಐದು ನಿಮಿಷದಲ್ಲಿ ಮೂವತ್ತು ಸಲ ಮರಳಬೇಕಾಗಿ ಬಂದರೂ ನೀವು ಸೋತಂತಲ್ಲ, ಹಾಗೆ ಮರಳುವುದೇ ಇಲ್ಲಿ ಮಾಡಬೇಕಾದ ಕೆಲಸ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ, ಆಗ ಎದೆಬಡಿತ ನಿಧಾನವಾಗುತ್ತದೆ. ಐದು ಇಂದ್ರಿಯಗಳನ್ನೂ ಒಟ್ಟಿಗೆ ಬಳಸಲು ಹೋಗದೆ, ಒಂದೇ ವಸ್ತುವಿನೊಡನೆ ಕನಿಷ್ಠ ಐದು ನಿಮಿಷ ಇರಿ.

ಮನೆಯಲ್ಲಿ ಇಷ್ಟೆಲ್ಲ ಕೆಲಸ ಬಿದ್ದಿರುವಾಗ ಒಬ್ಬಳೇ ಕುಳಿತು ಸುಖಪಡುವುದು ಸರಿಯೇ ಎಂದು ಹಲವು ಹೆಂಗಸರು ನನ್ನನ್ನು ಕೇಳಿದ್ದಾರೆ. ಖಂಡಿತ ಸರಿ. ಅಳುವ ಮಗುವನ್ನು ಎತ್ತಿಕೊಳ್ಳುವಾಗ ಅದಕ್ಕೆ ಯೋಗ್ಯತೆ ಇದೆಯೇ ಎಂದು ಯಾರೂ ಕೇಳುವುದಿಲ್ಲ.

ಸಂಕಟ ತೀರಾ ಜೋರಾಗಿದ್ದರೆ ಮೊದಲು ಮುಖಕ್ಕೆ ತಣ್ಣೀರು ಹಿಡಿಯಬಹುದು. ಉಸಿರು ಬಿಗಿಹಿಡಿದು ತಣ್ಣೀರಿನಲ್ಲಿ ಮುಖ ಅದ್ದಿದಾಗ ಎದೆಬಡಿತ ಇಳಿಯುವುದು ದೇಹದ ಸಹಜ ಪ್ರತಿಕ್ರಿಯೆ. ಹೃದ್ರೋಗ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಸಾಯಬೇಕೆಂಬ ಯೋಚನೆ ಬಂದಿದ್ದರೆ ಡಬ್ಬಿಯನ್ನು ನಂಬಿ ಒಬ್ಬರೇ ಕೂರಬೇಡಿ, ಹತ್ತಿರದವರನ್ನು ಕರೆಯಿರಿ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಡಬ್ಬಿಯನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆರೆದು ನೋಡಿ. ನಮ್ಮ ಥಂಡಿಗೆ ಬೆಲ್ಲ ನೀರು ಬಿಡುತ್ತದೆ, ಕಂಬಳಿ ಮುಗ್ಗಲು ಹಿಡಿಯುತ್ತದೆ. ಏಲಕ್ಕಿಯ ಘಮ ಇಳಿದಿದ್ದರೆ ಹೊಸ ಫಸಲಿನ ನಾಲ್ಕು ಕಾಯಿಗಳನ್ನು ಹಾಕಿ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿಡಿ.