ಪುಟ ಕಟ್ಟುವಾಗ ಕಂಪ್ಯೂಟರ್ ತೆವಳುತ್ತಿದೆಯೇ?

ಸಂಜೆಯೊಳಗೆ ಪುಟ ಮುದ್ರಣಕ್ಕೆ ಹೋಗಬೇಕು. ಫೋಟೊ ಒಂದನ್ನು ಎರಡು ಮಿಲಿಮೀಟರ್ ಎಡಕ್ಕೆ ಸರಿಸಿದಿರಿ. ಮೌಸ್‌ನ ಬಾಣ ಮಾಯವಾಗಿ ಚಕ್ರ ತಿರುಗಲು ಶುರು. ಒಂದು, ಎರಡು, ಮೂರು ಅಂತ ಎಣಿಸುತ್ತಾ ಕೂತಿರಿ. ಹನ್ನೊಂದು ಅನ್ನುವಾಗ ಫೋಟೊ ಸರಿಯಿತು, ಅದೂ ಮೂರು ಮಿಲಿಮೀಟರ್. ಹಿಂದಕ್ಕೆ ತಳ್ಳಿದಿರಿ, ಮತ್ತೆ ಚಕ್ರ.

ಇಂಥ ಹೊತ್ತಲ್ಲಿ ಪಕ್ಕದಲ್ಲಿ ಕೂತವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: 'ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ.' ನಾನೂ ಹಾಕಿಸಿದ್ದೆ. ಮುನ್ನೂರು ಪುಟದ, ತುಂಬಾ ಚಿತ್ರಗಳಿದ್ದ ಪುಸ್ತಕ ಕಟ್ಟುತ್ತಿದ್ದೆ. ಕಾರ್ಡ್ ಬಂತು, ಫ್ಯಾನ್ ಸದ್ದು ಜಾಸ್ತಿ ಆಯಿತು, ಪುಟ ಮಾತ್ರ ಹಿಂದಿನಷ್ಟೇ ನಿಧಾನ. ಕಾರಣ ಗೊತ್ತಾಗಿದ್ದು ಎರಡು ವಾರ ಕಳೆದ ಮೇಲೆ. ಚಿತ್ರಗಳೆಲ್ಲ ಬೇರೊಂದು ಯಂತ್ರದ ಹಂಚಿಕೆ ಫೋಲ್ಡರ್‌ನಲ್ಲಿದ್ದವು. ನನ್ನ ಕಂಪ್ಯೂಟರ್ ಅವನ್ನು ವೈಫೈ ಮೂಲಕ ಎಳೆದುಕೊಳ್ಳುತ್ತಿತ್ತು. ಫೋಲ್ಡರನ್ನು ನನ್ನ ಡಿಸ್ಕ್‌ಗೆ ಕಾಪಿ ಮಾಡಿದೆ. ಒಂದು ರೂಪಾಯಿಯೂ ಖರ್ಚಿಲ್ಲದೆ ಕೆಲಸ ಸಲೀಸಾಯಿತು.

ಅದಕ್ಕೇ ಇನ್‌ಡಿಸೈನ್, ಕ್ವಾರ್ಕ್‌ಎಕ್ಸ್‌ಪ್ರೆಸ್, ಸ್ಕ್ರೈಬಸ್, ಪುಟ ಕಟ್ಟುವ ಯಾವ ತಂತ್ರಾಂಶದಲ್ಲೇ ಕೆಲಸ ಮಾಡಿ, ಮೊದಲು ಕೊಳ್ಳುವುದು ಬೇಡ. ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡೋಣ.

ಹೆಜ್ಜೆ 1: ಎಲ್ಲಿ ಸಿಕ್ಕಿಕೊಂಡಿದೆ?

ನಿಮ್ಮಲ್ಲಿರುವ ಅತಿ ಭಾರದ ಫೈಲ್ ತೆರೆಯಿರಿ. ಜೊತೆಗೆ ದಿನವೂ ತೆರೆದಿಡುವ ಫೋಟೊಶಾಪ್, ಬ್ರೌಸರ್, ಇಮೇಲ್ ಎಲ್ಲವೂ ಇರಲಿ. ವಿಂಡೋಸ್‌ ಆದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಭಾಗಕ್ಕೆ ಹೋಗಿ. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಆ್ಯಕ್ಟಿವಿಟಿ ಮಾನಿಟರ್ ಇದೆ. ಅದನ್ನು ಪಕ್ಕಕ್ಕಿಟ್ಟುಕೊಂಡು ಎಂದಿನಂತೆ ಪುಟ ತಿರುಗಿಸಿ, ಫೋಟೊ ಸರಿಸಿ, ಪಿಡಿಎಫ್ ಮಾಡಿ.

ಮೆಮೊರಿ 90% ದಾಟಿ, ಅದೇ ಹೊತ್ತಿಗೆ ಡಿಸ್ಕ್ ಕೂಡ ಬಿಡುವಿಲ್ಲದೆ ಓಡುತ್ತಿದ್ದರೆ ರ‍್ಯಾಮ್ (ಅಂದರೆ ಈ ಮೆಮೊರಿ) ಸಾಲುತ್ತಿಲ್ಲ. ಮೆಮೊರಿಯಲ್ಲಿ ಜಾಗವಿಲ್ಲದ್ದನ್ನು ಕಂಪ್ಯೂಟರ್ ಡಿಸ್ಕ್‌ಗೆ ಇಳಿಸಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತಿದೆ. ಮೆಮೊರಿ ಖಾಲಿ ಇದ್ದು ಡಿಸ್ಕ್ ಮಾತ್ರ 100% ತೋರಿಸಿದರೆ ಡಿಸ್ಕೇ ನಿಧಾನ. ಎಲ್ಲವೂ ತಣ್ಣಗಿದ್ದು ನೆಟ್‌ವರ್ಕ್ ಗ್ರಾಫ್ ಕುಣಿಯುತ್ತಿದ್ದರೆ ನನ್ನ ಕತೆಯೇ ನಿಮ್ಮದೂ.

ಸಿಪಿಯು (ಕಂಪ್ಯೂಟರ್‌ನ ಲೆಕ್ಕ ಮಾಡುವ ಮಿದುಳು) ಅಂಕಿ ಮಾತ್ರ ಮೋಸ ಮಾಡುತ್ತದೆ. ತಂತ್ರಾಂಶ ಉಸಿರುಗಟ್ಟಿ ಒದ್ದಾಡುತ್ತಿರುತ್ತದೆ, ಟಾಸ್ಕ್ ಮ್ಯಾನೇಜರ್ ಸುಮ್ನೆ 7% ಅಂತ ತೋರಿಸುತ್ತದೆ. ಅದು ಸುಳ್ಳೇನಲ್ಲ. 8 ಕೋರ್ (ಒಳಗಿನ ಕೆಲಸಗಾರರು), 16 ಥ್ರೆಡ್ (ಅವರು ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು) ಇರುವ ಸಿಪಿಯುವಿನಲ್ಲಿ ಒಂದೇ ಒಂದು ಥ್ರೆಡ್ ಪೂರ್ತಿ ದುಡಿದರೂ ಒಟ್ಟು ಲೆಕ್ಕದಲ್ಲಿ ಅದು 6% ಚಿಲ್ಲರೆ ಅಷ್ಟೇ. ಗ್ರಾಫ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಲಾಜಿಕಲ್ ಪ್ರೊಸೆಸರ್ಸ್ ಆರಿಸಿ. ಹದಿನಾರು ಪುಟ್ಟ ಚೌಕಗಳು ಕಾಣುತ್ತವೆ. ಅದರಲ್ಲಿ ಒಂದೆರಡು ತುಂಬಿ, ಉಳಿದವು ಖಾಲಿ ಬಿದ್ದಿದ್ದರೆ ಕೆಲಸ ನಿಂತಿರುವುದು ಸಿಪಿಯುವಿನ ಹತ್ತಿರ. ಯಾಕೆ ಹೀಗೆ ಅನ್ನುವುದು ಹೆಜ್ಜೆ 5ರಲ್ಲಿದೆ.

ಹೆಜ್ಜೆ 2: ಖರ್ಚಿಲ್ಲದ ರಿಪೇರಿ

ಅರ್ಧ ತೊಂದರೆ ಇಲ್ಲಿಗೇ ಮುಗಿಯಬಹುದು. ಇನ್‌ಡಿಸೈನ್ ಉದಾಹರಣೆ ಇಟ್ಟುಕೊಂಡೇ ಹೇಳುತ್ತೇನೆ.

ವ್ಯೂ ಮೆನುವಿನಲ್ಲಿ ಡಿಸ್‌ಪ್ಲೇ ಪರ್ಫಾರ್ಮೆನ್ಸ್ ಅಂತ ಇದೆ. ಹೈ ಕ್ವಾಲಿಟಿ ಇಟ್ಟರೆ ಪ್ರತಿ ಫೋಟೊವನ್ನೂ ಪೂರ್ತಿ ಗುಣಮಟ್ಟದಲ್ಲಿ ಬಿಡಿಸುತ್ತದೆ. ಟಿಪಿಕಲ್ ಇಟ್ಟರೆ ಕಡಿಮೆ ಗುಣಮಟ್ಟದ ಮಾದರಿ ಸಾಕು ಅನ್ನುತ್ತದೆ. ಫಾಸ್ಟ್ ಆದರೆ ಫೋಟೊ ಇರುವ ಕಡೆ ಬರೀ ಬೂದು ಪೆಟ್ಟಿಗೆ. ಮುದ್ರಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಪರದೆ ಮೇಲಿನ ಚಂದಕ್ಕೆ ಮಾತ್ರ. ದಿನದ ಕೆಲಸಕ್ಕೆ ಟಿಪಿಕಲ್ ಇಡಿ. ಯಾವುದಾದರೂ ಒಂದು ಫೋಟೊ ನಿಖರವಾಗಿ ಕಾಣಬೇಕು ಅಂದರೆ ಅದೊಂದನ್ನೇ ಆರಿಸಿ ಬದಲಿಸಬಹುದು.

ಕಿಟಕಿಯ ಕೆಳಗೆ ಹಸಿರು ಅಥವಾ ಕೆಂಪು ಚುಕ್ಕಿ ಕಾಣುತ್ತದಲ್ಲ, ಅದು ಪ್ರಿಫ್ಲೈಟ್. ನೀವು ಪ್ರತಿ ಬಾರಿ ಏನಾದರೂ ಬದಲಿಸಿದಾಗ ತಪ್ಪು ಹುಡುಕುತ್ತಾ ಇರುತ್ತದೆ. ದೊಡ್ಡ ಪುಸ್ತಕ ಕಟ್ಟುವಾಗ ಆಫ್ ಮಾಡಿ, ಪಿಡಿಎಫ್ ಮಾಡುವ ಮೊದಲು ಮರೆಯದೆ ಆನ್ ಮಾಡಿ. ಪೇಜಸ್ ಪ್ಯಾನೆಲ್‌ನ ಪುಟ್ಟ ಚಿತ್ರಗಳನ್ನೂ ಮುಚ್ಚಬಹುದು. ಫಾಂಟ್‌ಗಳ ವಿಷಯ ಬೇರೆ ಹೇಳಬೇಕಿಲ್ಲ. ನಿಮ್ಮ ಯಂತ್ರದಲ್ಲಿ ಸಾವಿರ ಫಾಂಟ್ ಇರಬಹುದು, ಬಳಸುವುದು ಹತ್ತು, ಅಲ್ವಾ? ಉಳಿದವನ್ನು ಆಫ್ ಮಾಡಿ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ. ಮಾಮೂಲಿ ಸೇವ್ ಒತ್ತಿದಾಗ ಇನ್‌ಡಿಸೈನ್ ಬದಲಾವಣೆಗಳನ್ನು ಹಳೆಯದರ ಮೇಲೇ ಪೇರಿಸುತ್ತಾ ಹೋಗುತ್ತದೆ. ಅಳಿಸಿದ ಪುಟದ ಭಾರವೂ ಫೈಲ್‌ನಲ್ಲಿ ಉಳಿದಿರಬಹುದು. ಸೇವ್ ಆ್ಯಸ್ ಮಾಡಿ ಬೇರೆ ಹೆಸರು ಕೊಟ್ಟರೆ ಇಡೀ ಫೈಲನ್ನು ಹೊಸದಾಗಿ ಬರೆಯುತ್ತದೆ. ತಿಂಗಳುಗಟ್ಟಲೆ ತಿದ್ದಿದ ಫೈಲ್ ಹೀಗೆ ಮಾಡಿದಾಗ ಚೆನ್ನಾಗಿಯೇ ಇಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಐಡಿಎಂಎಲ್ ಅನ್ನುವ ಬೇರೆ ಫೈಲ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ, ಅದನ್ನು ಮತ್ತೆ ತೆರೆದು ಸೇವ್ ಮಾಡಿ.

ಚಿತ್ರಗಳು ಬೇರೆಡೆ ಇದ್ದರೆ ಫೈಲ್ ಮೆನುವಿನ ಪ್ಯಾಕೇಜ್ ಬಳಸಿ. ಪುಟ, ಚಿತ್ರ, ಫಾಂಟ್ ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಕಟ್ಟಿಕೊಡುತ್ತದೆ. ನಿಮ್ಮ ಡಿಸ್ಕ್‌ನಲ್ಲೇ ಕೆಲಸ ಮಾಡಿ, ಸಂಜೆ ಹಂಚಿಕೆ ಫೋಲ್ಡರ್‌ಗೆ ವಾಪಸ್ ಹಾಕಿ.

ಹೆಜ್ಜೆ 3: ರ‍್ಯಾಮ್ ಎಷ್ಟು ಬೇಕು? ಲೆಕ್ಕ ಹಾಕೋಣ

ಎ4 ಪುಟ ತುಂಬುವ ಒಂದು ಫೋಟೊ, 300 ಡಿಪಿಐ (ಇಂಚಿಗೆ 300 ಚುಕ್ಕಿ). ಅಂದರೆ 2480 ಅಡ್ಡ, 3508 ಉದ್ದ. ಗುಣಿಸಿದರೆ ಸುಮಾರು 87 ಲಕ್ಷ ಚುಕ್ಕಿಗಳು. ಮುದ್ರಣದ ನಾಲ್ಕು ಬಣ್ಣಗಳ ಸಿಎಂವೈಕೆಯಲ್ಲಿ ಪ್ರತಿ ಚುಕ್ಕಿಗೆ 4 ಬೈಟ್. ಒಟ್ಟು ಸುಮಾರು 35 ಎಂಬಿ. ಡಿಸ್ಕ್‌ನಲ್ಲಿ ಆ ಜೆಪೆಗ್ ಫೈಲ್ 4 ಎಂಬಿ ಇರಬಹುದು. ತೆರೆದಾಗ ಬಿಚ್ಚಿಕೊಂಡು 35 ಆಗುತ್ತದೆ. (1984ರ ಮ್ಯಾಕಿಂಟಾಷ್ 512ಕೆ ಯಂತ್ರದ ಇಡೀ ಮೆಮೊರಿ 512 ಕೆಬಿ. 1985ರಲ್ಲಿ ಬಂದ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ ಅದರಲ್ಲೇ ಓಡುತ್ತಿತ್ತು. ಇವತ್ತಿನ ಒಂದು ಫೋಟೊಗೆ ಅಂಥ 66ಕ್ಕೂ ಹೆಚ್ಚು ಯಂತ್ರಗಳ ಮೆಮೊರಿ ಬೇಕು!)

ಈಗ ಆ ಫೋಟೊವನ್ನು ಫೋಟೊಶಾಪ್‌ನಲ್ಲಿ ತೆರೆದು ಪುಟ ತುಂಬುವ ಹತ್ತು ಲೇಯರ್ ಮಾಡಿದಿರಿ ಅನ್ನಿ. 350 ಎಂಬಿ ಹತ್ತಿರ ಹೋಯಿತು. ಅದರ ಮೇಲೆ ಹಿಂದಕ್ಕೆ ಹೋಗಲು ನೆನಪಿಟ್ಟುಕೊಳ್ಳುವ ಹಂತಗಳ ಭಾರ ಬೇರೆ. ಅಂಥ ನಾಲ್ಕು ಫೋಟೊ ಒಟ್ಟಿಗೆ ತೆರೆದರೆ ಎರಡು ಜಿಬಿ ಹೋಗುವುದು ಕಷ್ಟವೇನಲ್ಲ.

ಗಮನಿಸಿದಿರಾ? ಮೆಮೊರಿ ನುಂಗಿದ್ದು ಪುಟ ಕಟ್ಟುವ ತಂತ್ರಾಂಶ ಅಲ್ಲ. ಅದು ಫೋಟೊವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದಿಲ್ಲ, ಎಲ್ಲಿದೆ ಅನ್ನುವ ವಿಳಾಸ ಮತ್ತು ಒಂದು ಸಣ್ಣ ಮಾದರಿ ಮಾತ್ರ ಇಟ್ಟುಕೊಳ್ಳುತ್ತದೆ. ನುಂಗುವುದು ಅಕ್ಕಪಕ್ಕದವರು: ಫೋಟೊಶಾಪ್, ಇಲಸ್ಟ್ರೇಟರ್, ನಲವತ್ತು ಟ್ಯಾಬ್ ತೆರೆದ ಬ್ರೌಸರ್.

ನನ್ನ ಅಂದಾಜು ಹೀಗೆ. 8 ಜಿಬಿಯಲ್ಲಿ ಪುಟ ಕಟ್ಟಬಹುದು, ಬೇರೇನೂ ತೆರೆಯಬಾರದು. ಬರೀ ಅಕ್ಷರದ ಪುಸ್ತಕಕ್ಕೆ, ಒಂದೆರಡು ಫೋಟೊ ತಿದ್ದಲು 16 ಸಾಕು. ಬಣ್ಣದ ಪತ್ರಿಕೆ, ಕ್ಯಾಟಲಾಗ್, ಫೋಟೊಶಾಪ್ ದಿನವಿಡೀ ತೆರೆದೇ ಇರುತ್ತದೆ ಅನ್ನುವವರಿಗೆ 32. ಅದಕ್ಕಿಂತ ಜಾಸ್ತಿ ಹಾಕಿದರೆ ಪುಟದ ಕೆಲಸಕ್ಕೆ ಸಿಗುವ ಲಾಭ ತೀರಾ ಕಡಿಮೆ.

ಕೊಳ್ಳುವಾಗ ಎರಡು ವಿಷಯ ನೋಡಿ. 16 ಜಿಬಿಯ ಒಂದೇ ಮೆಮೊರಿ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಹಾಕಿದರೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ತುಂಬಿದೆ ಅಂತ ಬರೆದಿರುತ್ತದೆ, ನೋಡಿಕೊಳ್ಳಿ. ಎರಡನೆಯದು, ತೆಳ್ಳನೆಯ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ. ಆ್ಯಪಲ್‌ನ ಎಂ ಸರಣಿಯ ಮ್ಯಾಕ್‌ಗಳಲ್ಲೂ ಆಮೇಲೆ ಏರಿಸಲು ಆಗುವುದಿಲ್ಲ. ಅಂಥದ್ದು ಕೊಳ್ಳುವಾಗ ಇವತ್ತು ಎಷ್ಟು ಬೇಕು ಅನ್ನುವುದನ್ನಲ್ಲ, ನಾಲ್ಕು ವರ್ಷದ ನಂತರ ಎಷ್ಟು ಬೇಕಾದೀತು ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹೆಜ್ಜೆ 4: ಹಳೇ ಹಾರ್ಡ್ ಡಿಸ್ಕ್ ಇದ್ದರೆ ಬೇರೆ ಮಾತೇ ಬೇಡ

ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸಾಮಾನ್ಯವಾಗಿ 100ರಿಂದ 200 ಎಂಬಿ ಓದುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗಳಲ್ಲಿ ಹಳೇ ಬಗೆಯ ಸಾಟಾ ಎಸ್‌ಎಸ್‌ಡಿ ಸುಮಾರು 550. ಹೊಸ ಬಗೆಯ ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ 3,500 ಮಾಮೂಲು, 7,000 ಮುಟ್ಟುವವೂ ಇವೆ. ಆದರೆ ಪುಟದ ಕೆಲಸದಲ್ಲಿ ಈ ಅಂಕಿಗಿಂತ ಮುಖ್ಯ ಇನ್ನೊಂದಿದೆ. ಇನ್ನೂರು ಚಿತ್ರ, ಮೂವತ್ತು ಫಾಂಟ್ ಇರುವ ಫೈಲ್ ತೆರೆದಾಗ ಡಿಸ್ಕ್ ನೂರಾರು ಕಡೆ ಹಾರಿ ಹಾರಿ ಓದಬೇಕು. ತಿರುಗುವ ಡಿಸ್ಕ್‌ನ ಸೂಜಿ ಪ್ರತಿ ಹಾರುವಿಕೆಗೂ ಕೆಲವು ಮಿಲಿಸೆಕೆಂಡ್ ತಿನ್ನುತ್ತದೆ. ಎಸ್‌ಎಸ್‌ಡಿಗೆ ಸೂಜಿಯೇ ಇಲ್ಲ. ಹಾಗಾಗಿ ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆಗುವ ಖುಷಿ, ಅಲ್ಲಿಂದ ಎನ್‌ವಿಎಂಇಗೆ ಹೋದಾಗ ಆಗುವುದಿಲ್ಲ.

ಎಸ್‌ಎಸ್‌ಡಿಯನ್ನು ಕಂಠದವರೆಗೆ ತುಂಬಬೇಡಿ. ಐದರಲ್ಲೊಂದು ಪಾಲು ಖಾಲಿ ಇರಲಿ. ಹಳೇ ಹಾರ್ಡ್ ಡಿಸ್ಕನ್ನು ಎಸೆಯುವುದೂ ಬೇಡ, ಮುಗಿದ ಕೆಲಸಗಳ ಬ್ಯಾಕಪ್‌ಗೆ ಅದು ಹೇಳಿಮಾಡಿಸಿದ್ದು.

ಹೆಜ್ಜೆ 5: ಕೋರ್ ಎಣಿಸಬೇಡಿ, ಒಂದು ಕೋರ್ ಎಷ್ಟು ಚುರುಕು ಅಂತ ನೋಡಿ

ಒಂದು ಅಧ್ಯಾಯದ ಪಠ್ಯ 60 ಪುಟ ಹರಿದಿದೆ ಅಂದುಕೊಳ್ಳಿ. ಮೂರನೇ ಪುಟದಲ್ಲಿ ಒಂದು ಸಾಲು ಸೇರಿಸಿದಿರಿ. ನಾಲ್ಕನೇ ಪುಟ ಎಲ್ಲಿಂದ ಶುರು ಅಂತ ಗೊತ್ತಾಗಬೇಕಾದರೆ ಮೂರನೆಯದು ಮುಗಿಯಬೇಕು. ಐದಕ್ಕೆ ನಾಲ್ಕು ಮುಗಿಯಬೇಕು. 'ನೀನು 40ನೇ ಪುಟ ಮಾಡುತ್ತಿರು' ಅಂತ ಇನ್ನೊಂದು ಕೋರ್‌ಗೆ ಹೇಳುವುದು ಹೇಗೆ? 40ನೇ ಪುಟಕ್ಕೆ ಯಾವ ಸಾಲು ಬರುತ್ತದೆ ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲ. ಪಠ್ಯ ಜೋಡಣೆ ಬಹುಪಾಲು ಒಂದೇ ಕೋರ್ ಮೇಲೆ ಬೀಳುವುದು ಇದಕ್ಕೇ. ಇನ್‌ಡಿಸೈನ್‌ನ ಪ್ಯಾರಾಗ್ರಾಫ್ ಕಂಪೋಸರ್ ಒಂದು ಸಾಲನ್ನಷ್ಟೇ ಅಲ್ಲ, ಇಡೀ ಪ್ಯಾರಾ ನೋಡಿ ಎಲ್ಲೆಲ್ಲಿ ಸಾಲು ಮುರಿಯಬೇಕು ಅಂತ ನಿರ್ಧರಿಸುತ್ತದೆ. ಪುಟದುದ್ದದ ಪ್ಯಾರಾದಲ್ಲಿ ಒಂದು ಅಕ್ಷರ ತಿದ್ದಿದರೂ ಮತ್ತೆ ಮೊದಲಿಂದ ಲೆಕ್ಕ. ಕನ್ನಡದಂಥ ಲಿಪಿಗಾದರೆ ವರ್ಲ್ಡ್-ರೆಡಿ ಕಂಪೋಸರ್ ಬೇಕು, ಒತ್ತಕ್ಷರ, ಗುಣಿತಗಳನ್ನು ಕೂಡಿಸುವ ಕೆಲಸವೂ ಸೇರಿಕೊಳ್ಳುತ್ತದೆ.

ಆದ್ದರಿಂದ 16 ಕೋರ್‌ನ ದೊಡ್ಡ ಸಿಪಿಯುಗಿಂತ, ಒಂದು ಕೋರ್‌ನ ವೇಗ ಜಾಸ್ತಿ ಇರುವ 6 ಅಥವಾ 8 ಕೋರ್‌ನದ್ದು ಇಲ್ಲಿ ಒಳ್ಳೆಯದು. ಸಿಂಗಲ್ ಕೋರ್ ಅಂಕ ಅಂತ ಪರೀಕ್ಷಾ ವರದಿಗಳಲ್ಲಿ ಬೇರೆಯಾಗಿಯೇ ಕೊಟ್ಟಿರುತ್ತಾರೆ, ಅದನ್ನು ನೋಡಿ. ಗಿಗಾಹರ್ಟ್ಜ್ ಅಂಕಿ ಮಾತ್ರ ನೋಡಿ ಬೇರೆ ಬೇರೆ ತಲೆಮಾರಿನ ಸಿಪಿಯುಗಳನ್ನು ಹೋಲಿಸಬೇಡಿ. ಉಳಿದ ಕೋರ್‌ಗಳು ದಂಡವೇನಲ್ಲ: ಪಿಡಿಎಫ್ ಹಿನ್ನೆಲೆಯಲ್ಲಿ ತಯಾರಾಗುವಾಗ ನೀವು ಮುಂದಿನ ಪುಟ ಕಟ್ಟುತ್ತಿರಬಹುದು.

ಸಿಪಿಯು ಬದಲಿಸಲು ಆಗದಿದ್ದರೆ ಪುಸ್ತಕವನ್ನೇ ಒಡೆಯಿರಿ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಫೈಲ್ ಮಾಡಿ, ಬುಕ್ ಸೌಲಭ್ಯದಲ್ಲಿ ಪೋಣಿಸಿದರೆ ಪುಟ ಸಂಖ್ಯೆ ತಾನಾಗಿಯೇ ಮುಂದುವರಿಯುತ್ತದೆ.

ಲ್ಯಾಪ್‌ಟಾಪ್‌ನವರಿಗೆ ಒಂದು ಮಾತು. ಮೊದಲ ಹತ್ತು ನಿಮಿಷ ಕುದುರೆ, ಆಮೇಲೆ ಕತ್ತೆ ಅನ್ನಿಸಿದರೆ ಅದು ಬಿಸಿಯ ಸಮಸ್ಯೆ. ಸಿಪಿಯು ಸುಡದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ಚಾರ್ಜರ್ ಹಾಕಿಯೇ ಕೆಲಸ ಮಾಡಿ, ಕೆಳಗಿನ ಗಾಳಿಕಂಡಿ ಮುಚ್ಚುವಂತೆ ಹಾಸಿಗೆ ಮೇಲೆ ಇಡಬೇಡಿ.

ಹೆಜ್ಜೆ 6: ಗ್ರಾಫಿಕ್ಸ್ ಕಾರ್ಡ್

ಪುಟ ಹಿಗ್ಗಿಸಲು, ಸರಿಸಲು ಸ್ವಲ್ಪ ನೆರವಾಗುತ್ತದೆ. ಸಿಪಿಯು ಜೊತೆಗೇ ಬರುವ ಗ್ರಾಫಿಕ್ಸ್ ಈ ಕೆಲಸಕ್ಕೆ ಸಾಕು. ಫೋಟೊಶಾಪ್‌ನ ಭಾರದ ಫಿಲ್ಟರ್, ವಿಡಿಯೊ, 3ಡಿ ಇದ್ದರೆ ಮಾತ್ರ ಬೇರೆ ಕಾರ್ಡ್ ಯೋಚಿಸಿ. ನಾನು ಕೊಂಡ ಕಾರ್ಡ್ ಈಗ ಮನೆಯ ಹುಡುಗರ ಆಟಕ್ಕೆ ಚೆನ್ನಾಗಿ ಬಳಕೆಯಾಗುತ್ತಿದೆ.

ಹೆಜ್ಜೆ 7: ಉಳಿದ ದುಡ್ಡು ಪರದೆಗೆ

ಎರಡು ಎ4 ಪುಟ ಅಕ್ಕಪಕ್ಕ ಇಟ್ಟರೆ 420 ಮಿಲಿಮೀಟರ್ ಅಗಲ, 297 ಎತ್ತರ. 24 ಇಂಚಿನ ಮಾಮೂಲಿ 16:9 ಪರದೆಯ ಎತ್ತರ ಸುಮಾರು 299. ಮೆನು, ಟೂಲ್‌ಬಾರ್ ಜಾಗ ತಿಂದ ಮೇಲೆ ಪುಟದ ತಲೆಯೋ ಕಾಲೋ ಕಾಣಿಸುವುದಿಲ್ಲ. ಅದೇ 24 ಇಂಚಿನ 16:10 ಪರದೆ 323 ಮಿಲಿಮೀಟರ್ ಎತ್ತರ ಇರುತ್ತದೆ. 27 ಇಂಚಿನ 16:9ರಲ್ಲಿ 336. ಎರಡು ಪುಟವನ್ನು ನಿಜ ಅಳತೆಯಲ್ಲಿ ಒಟ್ಟಿಗೆ ನೋಡಬೇಕಾದರೆ ಈ ಎರಡರಲ್ಲಿ ಒಂದು ಬೇಕು. ಐಪಿಎಸ್ ಪರದೆಯೇ ಇರಲಿ, ಓರೆಯಾಗಿ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. 4ಕೆ ಪರದೆಯಲ್ಲಿ ಅಕ್ಷರ ಚೂಪಾಗಿ ಕಾಣುತ್ತದೆ ನಿಜ. ಆದರೆ ಅದಕ್ಕೆ ಕಂಪ್ಯೂಟರ್ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿ ಬಿಡಿಸಬೇಕು, ಹಳೇ ಯಂತ್ರಕ್ಕೆ ಜೋಡಿಸಿ ಆಮೇಲೆ ಬೈಯಬೇಡಿ.

ಹೆಜ್ಜೆ 8: ಕೊಳ್ಳುವ ಮೊದಲು ಗಡಿಯಾರ ಹಿಡಿಯಿರಿ

ಹೊಸ ಯಂತ್ರ ಅಂದರೆ ಸಾಮಾನ್ಯವಾಗಿ ತಂತ್ರಾಂಶದ ಹೊಸ ಆವೃತ್ತಿಯೂ ಬರುತ್ತದೆ. ನಿಮ್ಮ ಹಳೇ ಫೈಲ್‌ಗಳಲ್ಲಿ ಟೈಪ್ 1 ಅನ್ನುವ ಹಳೇ ಬಗೆಯ ಫಾಂಟ್ ಇದೆಯೇ ನೋಡಿ. ಇನ್‌ಡಿಸೈನ್ ತಯಾರಿಸುವ ಅಡೋಬಿ 2023ರಲ್ಲಿ ಅದಕ್ಕೆ ಬೆಂಬಲ ನಿಲ್ಲಿಸಿದೆ. ಯಂತ್ರ ಎಷ್ಟೇ ವೇಗ ಇದ್ದರೂ ಪುಟ ತೆರೆದಾಗ ಫಾಂಟ್ ಇಲ್ಲ ಅನ್ನುತ್ತದೆ.

ಆಮೇಲೆ ನಿಮ್ಮ ಅತಿ ಭಾರದ ಫೈಲನ್ನು ಪ್ಯಾಕೇಜ್ ಮಾಡಿ ಎಸ್‌ಎಸ್‌ಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ಒಯ್ಯಿರಿ. ಹೊಸ ಯಂತ್ರದ ಡಿಸ್ಕ್‌ಗೆ ಕಾಪಿ ಮಾಡಿ. ಮೂರು ಕೆಲಸಕ್ಕೆ ಹಿಡಿದ ಸಮಯ ಬರೆದುಕೊಳ್ಳಿ: ಫೈಲ್ ತೆರೆಯಲು, ಮೂರನೇ ಪುಟದಲ್ಲಿ ಒಂದು ಪ್ಯಾರಾ ಸೇರಿಸಿ ಕೊನೆಯ ಪುಟ ಸರಿಹೋಗಲು, ಪಿಡಿಎಫ್ ಆಗಲು. ಹಳೆಯದರಲ್ಲೂ ಇದೇ ಮೂರನ್ನು ಮನೆಯಲ್ಲೇ ಅಳೆದು ಚೀಟಿಯಲ್ಲಿ ಬರೆದಿಟ್ಟುಕೊಂಡಿರಿ. ಎರಡು ಚೀಟಿ ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ದುಡ್ಡು ತೆಗೆಯಿರಿ, ಇಲ್ಲವೇ ಬಾಗಿಲಿನಿಂದಲೇ ವಾಪಸ್ ಬನ್ನಿ.