ನನ್ನ ಅನುಭವ: ಜೆಜೆ ಬೋರ್ಡ್‌ಗೆ ಹೋದ ಹುಡುಗರನ್ನು ಕ್ಲಾಸಿನಲ್ಲೇ ಉಳಿಸಿಕೊಂಡಿದ್ದು

ಪೊಲೀಸ್ ಕೇಸಾದ ಹುಡುಗ ಶಾಲೆ ಬಿಟ್ಟ ಅಂದ್ರೆ ಎಲ್ಲರೂ ಕೋರ್ಟ್ ಕಡೆ ಕೈ ತೋರಿಸುತ್ತಾರೆ. ಆದರೆ ಹದಿನೆಂಟು ತುಂಬದವರ ಕೇಸು ನೋಡುವ ಬಾಲ ನ್ಯಾಯ ಮಂಡಳಿ, ಅಂದ್ರೆ ನಾವೆಲ್ಲ ಜೆಜೆ ಬೋರ್ಡ್ ಅಂತ ಕರೆಯುವುದು, ಯಾವ ಹುಡುಗನಿಗೂ ಶಾಲೆ ಬಿಡು ಅಂದಿದ್ದನ್ನು ನಾನು ಕಂಡಿಲ್ಲ. ಬಿಡಿಸುವುದು ಹೆಚ್ಚಿನ ಸಲ ಶಾಲೆಯೇ. ಸರ್ಕಾರಿ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದವನಾಗಿ ಇದನ್ನು ಹೇಳುತ್ತಿದ್ದೇನೆ. ತಾಲ್ಲೂಕಿನ ಹೆಸರು ಬೇಡ, ಹುಡುಗರ ಗುರುತು ಸಿಕ್ಕಿಬಿಡುತ್ತದೆ.

ಕೇಸುಗಳು ಏನು ದೊಡ್ಡವಲ್ಲ. ದೊಡ್ಡ ಹುಡುಗರ ಜೊತೆ ಸೇರಿ ಯಾರದೋ ಬೈಕ್ ಎತ್ತಿಕೊಂಡು ಪೆಟ್ರೋಲ್ ಖಾಲಿ ಆಗುವ ತನಕ ಓಡಿಸುವುದು, ಮೊಬೈಲ್ ಕದಿಯುವುದು, ಹೊಡೆದಾಟ. ಸಣ್ಣಪುಟ್ಟ ಅಪರಾಧಕ್ಕೆ ಮಕ್ಕಳ ಮೇಲೆ ಎಫ್‌ಐಆರ್ ಹಾಕಬಾರದು ಅಂತ 2016ರ ಬಾಲ ನ್ಯಾಯ ನಿಯಮವೇ ಹೇಳುತ್ತದೆ, ಠಾಣೆಯ ಡೈರಿಯಲ್ಲಿ ಬರೆದುಕೊಂಡು ಮನೆಯ ಹಿನ್ನೆಲೆಯ ವರದಿ ಕೊಟ್ಟರೆ ಸಾಕು, ಆದರೆ ಜೊತೆಯಲ್ಲಿ ಹದಿನೆಂಟು ದಾಟಿದವನು ಒಬ್ಬನಿದ್ದರೂ ಎಫ್‌ಐಆರ್ ಆಗುತ್ತದೆ. ನಮ್ಮ ಹುಡುಗರ ಜೊತೆ ಯಾವಾಗಲೂ ಅಂಥ ಒಬ್ಬ ಅಣ್ಣ ಇದ್ದೇ ಇರುತ್ತಿದ್ದ!

ಮರುದಿನವೇ ಸ್ಟಾಫ್ ರೂಮಿನಲ್ಲಿ ಶುರು. "ಸರ್, ಟಿಸಿ ಕೊಟ್ಟು ಕಳಿಸಿಬಿಡಿ, ಉಳಿದ ಮಕ್ಕಳೂ ಹಾಳಾಗ್ತಾರೆ." ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸ್ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಗೆ ಹಾಕುವ ಹಾಗಿಲ್ಲ. ಒಂಬತ್ತಕ್ಕೆ ಬಂದ ಹುಡುಗನಿಗೆ ಆ ರಕ್ಷಣೆ ಇಲ್ಲ. ಒಂದೇ ಕಟ್ಟಡ, ಒಂದೇ ಕಾರಿಡಾರ್, ಪಕ್ಕದ ಕ್ಲಾಸಿನವನಿಗೆ ಕಾನೂನು ಇದೆ, ಇವನಿಗಿಲ್ಲ. ನಮ್ಮಲ್ಲಿ ತೊಂದರೆಗೆ ಸಿಕ್ಕಿಕೊಂಡವರಲ್ಲಿ ಜಾಸ್ತಿ ಒಂಬತ್ತನೇ ಕ್ಲಾಸಿನವರೇ.

ಇನ್ನು ಬೋರ್ಡ್ ಮತ್ತು ಶಾಲೆಯ ಸಂಬಂಧ. ಅದು ಒಂದೇ ಒಂದು ಕಾಗದದ ಸಂಬಂಧ: ಹುಟ್ಟಿದ ದಿನಾಂಕ. ವಯಸ್ಸಿಗೆ ಶಾಲೆಯ ದಾಖಲೆಯೇ ಮೊದಲ ಸಾಕ್ಷಿ. ಹಾಗಾಗಿ ಪೊಲೀಸರು ಬರುತ್ತಾರೆ, ದಾಖಲಾತಿ ವಹಿಯ ನಕಲು ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ಹುಡುಗ ಹೇಗೆ ಓದುತ್ತಾನೆ ಅಂತ ಯಾರೂ ಕೇಳುವುದಿಲ್ಲ. ಅದೇ ಹೊತ್ತಿಗೆ ಪ್ರೊಬೇಷನ್ ಆಫೀಸರ್, ಅಂದ್ರೆ ಹುಡುಗನ ಹಿನ್ನೆಲೆ ವಿಚಾರಿಸಿ ಬೋರ್ಡ್‌ಗೆ ತಿಳಿಸುವ ಅಧಿಕಾರಿ, ಅವನ ಬಗ್ಗೆ ಸಾಮಾಜಿಕ ತನಿಖಾ ವರದಿ ಬರೆಯಬೇಕಾಗಿರುತ್ತದೆ, ಅದಕ್ಕೆ ಬಾಲ ನ್ಯಾಯ ಕಾಯ್ದೆ ಕೊಡುವುದು 15 ದಿನ. ಒಬ್ಬರೇ ಆಫೀಸರ್, ಎಷ್ಟೋ ತಾಲ್ಲೂಕು. ಶಾಲೆಗೆ ಬರಲು ಅವರಿಗೆ ಪುರುಸೊತ್ತು ಎಲ್ಲಿಂದ?

ಹಾಗಾಗಿ ನಾನು ಆ ದಿನಾಂಕದ ಕಾಗದದ ಹೊತ್ತಿಗೇ ಇನ್ನೊಂದು ಪುಟ ಬರೆದು, ಲಕೋಟೆಯಲ್ಲಿ ಅಂಟಿಸಿ, ನೇರ ಪ್ರೊಬೇಷನ್ ಆಫೀಸರ್‌ಗೆ ಕಳಿಸಲು ಶುರು ಮಾಡಿದೆ. ಪೊಲೀಸರ ಕೈಗೆ ಕೊಡುತ್ತಿರಲಿಲ್ಲ. ಅದರಲ್ಲಿ "ಹುಡುಗ ಒಳ್ಳೆಯವನು" ಅಂತ ಬರೆಯಬೇಡಿ. ಎಲ್ಲರೂ ಹಾಗೇ ಬರೆಯುತ್ತಾರೆ, ಬೋರ್ಡ್‌ಗೆ ಅದರಿಂದ ಏನೂ ಉಪಯೋಗ ಇಲ್ಲ. ತಿಂಗಳು ತಿಂಗಳ ಹಾಜರಾತಿ, ಯಾವ ವಿಷಯದಲ್ಲಿ ಪಾಸಾಗುತ್ತಾನೆ, ಯಾವ ಮೇಷ್ಟ್ರ ಮಾತು ಕೇಳುತ್ತಾನೆ, ಯಾವಾಗಿನಿಂದ ಬದಲಾದ, ಇಷ್ಟು ಬರೆದರೆ ಸಾಕು.

ಬೈಕ್ ಕೇಸಿನ ಒಬ್ಬ ಹುಡುಗನ ಹಾಜರಿ ಪುಸ್ತಕ ತಿರುವಿ ಹಾಕಿದಾಗ ಗೈರು ಬಹುತೇಕ ಮಂಗಳವಾರಗಳಲ್ಲೇ ಬಿದ್ದಿತ್ತು. ಮಂಗಳವಾರ ನಮ್ಮೂರ ಸಂತೆ. ಅಮ್ಮ ಸೊಪ್ಪು ಮಾರುತ್ತಾರೆ, ಇವನು ಬೆಳಗ್ಗೆ ಮೂಟೆ ಇಳಿಸಿಕೊಟ್ಟು ಆಮೇಲೆ ಸಂತೆ ಮೈದಾನದ ಹಿಂದಿನ ಗ್ಯಾರೇಜಿನಲ್ಲಿ ಕೂರುತ್ತಾನೆ. ಬೈಕ್ ಎತ್ತಿದ ಅಣ್ಣಂದಿರು ಸಿಕ್ಕಿದ್ದೂ ಅಲ್ಲೇ. ಇದನ್ನು ಹಾಗೇ ಬರೆದೆ. ಕೊನೆಗೆ ಬೋರ್ಡ್ ಅವನನ್ನು ತಾಯಿಯ ಸುಪರ್ದಿಗೆ ಪ್ರೊಬೇಷನ್ ಮೇಲೆ, ಅಂದ್ರೆ ಒಳ್ಳೆಯ ನಡತೆಯ ಷರತ್ತಿನ ಮೇಲೆ, ಬಿಟ್ಟಿತು, ದಿನಾ ಶಾಲೆಗೆ ಹೋಗಬೇಕು, ಆ ಗ್ಯಾರೇಜ್ ಕಡೆ ಸುಳಿಯಬಾರದು ಅಂತ ಆದೇಶ ಮಾಡಿತು. 2015ರ ಬಾಲ ನ್ಯಾಯ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಈ ಎರಡೂ ಇವೆ, ಶಾಲೆಗೆ ಹೋಗು ಅನ್ನುವುದೂ, ಇಂಥ ಜಾಗಕ್ಕೆ ಹೋಗಬೇಡ ಅನ್ನುವುದೂ. ಆದರೆ ಯಾವ ಜಾಗ ಅಂತ ಬೋರ್ಡ್‌ಗೆ ಯಾರಾದರೂ ಹೇಳಬೇಕಲ್ವಾ? ಮಂಗಳವಾರ ಮೊದಲ ಪೀರಿಯಡ್‌ಗೆ ಸ್ವಲ್ಪ ತಡವಾಗಿ ಬಂದರೂ ಒಳಗೆ ಸೇರಿಸಿಕೊಳ್ಳಿ ಅಂತ ನಾನು ಕ್ಲಾಸ್ ಟೀಚರ್‌ಗೆ ಹೇಳಿದೆ. ಮೂಟೆ ಇಳಿಸುವವರು ಬೇರೆ ಯಾರಿದ್ದಾರೆ ಆ ಮನೆಯಲ್ಲಿ.

ವಿಚಾರಣೆಯ ದಿನಾಂಕಗಳದ್ದು ಇನ್ನೊಂದು ಗೋಳು. ಬೋರ್ಡ್ ಇರುವುದು ಜಿಲ್ಲಾ ಕೇಂದ್ರದಲ್ಲಿ. ಒಂದು ಸಲ ಹೋದರೆ ಒಂದು ದಿನ ಹೋಯಿತು, ಮರುದಿನ ಸುಸ್ತು, ಅದರ ಮರುದಿನ ನಾಚಿಕೆ. ಎಸ್‌ಎಸ್‌ಎಲ್‌ಸಿಗೆ ಶೇ. 75 ಹಾಜರಾತಿ ಬೇಕು. ಶಾಲೆಯ ಪರೀಕ್ಷೆಗಳ ವೇಳಾಪಟ್ಟಿಯನ್ನು ಆ ಪುಟದ ಜೊತೆಗೇ ಲಗತ್ತಿಸಿ, ಈ ದಿನಗಳು ಬೇಡ ಅಂತ ಕೇಳಿಕೊಂಡೆ. ಬೋರ್ಡ್‌ನವರು ಸುಲಭವಾಗಿ ಒಪ್ಪಿದರು. ಯಾರೂ ಕೇಳಿರಲಿಲ್ಲ ಅಷ್ಟೇ. ನಮ್ಮ ಮೇಷ್ಟ್ರುಗಳಿಗೆ ಬೋರ್ಡ್ ಅಂದರೆ ಕಟಕಟೆ, ಕರಿಕೋಟು ಅನ್ನುವ ಭಯ. ಅಲ್ಲಿ ಕಟಕಟೆಯೂ ಇಲ್ಲ, ಎತ್ತರದ ಪೀಠವೂ ಇಲ್ಲ. ಒಂದು ಟೇಬಲ್, ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು.

ಒಬ್ಬ ಹತ್ತನೇ ಕ್ಲಾಸಿನವನು ನಾಮಿನಲ್ ರೋಲ್, ಅಂದ್ರೆ ಪರೀಕ್ಷೆ ಬರೆಯುವವರ ಪಟ್ಟಿ, ಕಳಿಸುವ ಹೊತ್ತಿಗೆ ವೀಕ್ಷಣಾಲಯದಲ್ಲಿದ್ದ, ವಿಚಾರಣೆ ಮುಗಿಯುವ ತನಕ ಇಂಥ ಮಕ್ಕಳನ್ನು ಇರಿಸುವ ಜಾಗ ಅದು. ಫೋಟೋ ಬೇಕು, ಸಹಿ ಬೇಕು, ತಪ್ಪಿದರೆ ಆ ವರ್ಷ ಪರೀಕ್ಷೆ ಇಲ್ಲ. ಪ್ರೊಬೇಷನ್ ಆಫೀಸರ್ ಮೂಲಕ ಅಲ್ಲಿಂದಲೇ ತರಿಸಿಕೊಂಡೆವು, ವಾಪಸ್ ಹೋಗುವವರ ಕೈಯಲ್ಲಿ ಗಣಿತದ ಪಠ್ಯಪುಸ್ತಕ ಮತ್ತು ಹಳೆಯ ಪ್ರಶ್ನೆಪತ್ರಿಕೆ ಕಳಿಸಿದೆವು.

ಗುಟ್ಟು ಕಾಯುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಹುಡುಗನ ಹೆಸರು, ವಿಳಾಸ, ಶಾಲೆ, ಯಾವುದೂ ಪತ್ರಿಕೆಯಲ್ಲಾಗಲಿ ಬೇರೆ ಯಾವ ಮಾಧ್ಯಮದಲ್ಲಾಗಲಿ ಬರುವಂತಿಲ್ಲ. ಮೀರಿದರೆ ಆರು ತಿಂಗಳ ತನಕ ಜೈಲು, ಇಲ್ಲ ಎರಡು ಲಕ್ಷದ ತನಕ ದಂಡ, ಇಲ್ಲ ಎರಡೂ. ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಲೋಕಲ್ ಪೇಪರಿನ ತುಣುಕು ಹಾಕಿ "ನಮ್ಮ ಶಾಲೆಯವನೇ" ಅಂತ ಬರೆದಾಗ ನಾನು ಈ ಸೆಕ್ಷನ್ನೇ ಕೆಳಗೆ ಟೈಪ್ ಮಾಡಿದೆ. ಐದು ನಿಮಿಷದಲ್ಲಿ ಡಿಲೀಟ್ ಆಯಿತು. ಆಮೇಲಿಂದ ಕೇಸಿನ ವಿಷಯ ನನಗೆ ಮತ್ತು ಕ್ಲಾಸ್ ಟೀಚರ್‌ಗೆ ಬಿಟ್ಟು ಮೂರನೆಯವರಿಗೆ ಹೇಳಲಿಲ್ಲ. ಊರಿಗೆ ಗೊತ್ತಿರುತ್ತದೆ, ಅದು ಬೇರೆ. ಶಾಲೆಯ ಬಾಯಿಂದ ಬರಬಾರದು.

ಮಕ್ಕಳು ಚುಚ್ಚುವುದು ಕ್ಲಾಸಿನಲ್ಲಲ್ಲ, ಬಿಸಿಯೂಟದ ಸಾಲಿನಲ್ಲಿ. ತಟ್ಟೆ ಹಿಡಿದು ನಿಂತಾಗ ಹಿಂದಿನಿಂದ ಒಬ್ಬ "ಏಯ್, ಬೈಕ್ ಎಲ್ಲೋ?" ಅಂದರೆ ಮುಗಿಯಿತು, ಅವನು ತಟ್ಟೆ ಅಲ್ಲೇ ಇಟ್ಟು ಗೇಟ್ ದಾಟುತ್ತಾನೆ. ಹಾಗಾಗಿ ಮೊದಮೊದಲು ಕ್ಲಾಸ್ ಟೀಚರ್ ಸುಮ್ನೆ ಆ ಸಾಲಿನ ಪಕ್ಕ ನಿಂತು ಸಾಂಬಾರ್ ಬಡಿಸುವುದನ್ನು ನೋಡುತ್ತಿದ್ದರು. ಉಪದೇಶ ಏನೂ ಇಲ್ಲ.

ಪೋಷಕರೂ ಬಂದರು. ನಿಮ್ಮ ಮಗನೇ ಆಗಿದ್ದರೆ ಅಂತ ಕೇಳಿದರೆ ಯಾರೂ ಕರಗುವುದಿಲ್ಲ, "ನನ್ನ ಮಗ ಅಂಥವನಲ್ಲ" ಅಂತಾರೆ. ನಾನು ಹೇಳುತ್ತಿದ್ದದ್ದು ಬೇರೆ. ಯಾರ ಹೆಸರೂ ಎತ್ತದೆ, "ನೋಡಿ ಸ್ವಾಮಿ, ಯಾವ ಹುಡುಗನನ್ನೇ ಆಗಲಿ ಹೊರಗೆ ಹಾಕಿದರೆ ಇಡೀ ದಿನ ಗೇಟಿನ ಹೊರಗೆ ನಿಂತಿರ್ತಾನೆ, ನಿಮ್ಮ ಮಕ್ಕಳು ಮನೆಗೆ ಹೋಗೋ ದಾರಿಯಲ್ಲೇ. ಒಳಗಿದ್ದರೆ ಪೀಟಿ ಮೇಷ್ಟ್ರ ಕಣ್ಣ ಮುಂದೆ ಇರ್ತಾನೆ." ಇದು ಅವರಿಗೆ ಲೆಕ್ಕಕ್ಕೆ ಸಿಗುತ್ತಿತ್ತು.

ಓದು ಮುಗಿಸಿ ಹೋಗುವವನ ದಾಖಲೆಯಲ್ಲಿ ನಡತೆ ಅನ್ನುವ ಕಾಲಂ ಇರುತ್ತದೆ. ಗುಮಾಸ್ತರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ಮುಗಿದ ಕೇಸಿನ ದಾಖಲೆಯನ್ನು ಪೊಲೀಸರೇ ನಡತೆ ಪ್ರಮಾಣಪತ್ರಕ್ಕೆ ಬಳಸುವಂತಿಲ್ಲ, ಇನ್ನು ನಾವು ಯಾರು? "ಉತ್ತಮ" ಅಂತ ಬರೆಸಿದೆ.

ಎಲ್ಲರೂ ಉಳಿಯಲಿಲ್ಲ. ಒಬ್ಬನನ್ನು ಅಪ್ಪ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಕರೆದುಕೊಂಡು ಹೋದ, ಫೋನ್ ನಂಬರೂ ಬದಲಾಯಿತು. ಪ್ರೊಬೇಷನ್ ಆಫೀಸರ್‌ಗೆ ವರ್ಗ ಆದಾಗ ನಮ್ಮ ಏರ್ಪಾಡೂ ನಿಂತುಹೋಯಿತು, ಹೊಸಬರ ಜೊತೆ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಏಕೆಂದರೆ ಇದು ಯಾವ ಸುತ್ತೋಲೆಯಿಂದಲೂ ನಡೆಯುತ್ತಿರಲಿಲ್ಲ, ಇಬ್ಬರ ಪರಿಚಯದಿಂದ ನಡೆಯುತ್ತಿತ್ತು. ಹಾಗಾಗಿ ನನಗೆ ವರ್ಗ ಆದಾಗ ಚಾರ್ಜ್ ವಹಿಸಿಕೊಡುವ ಪಟ್ಟಿಯಲ್ಲಿ ಬೀಗದ ಕೈ, ಕ್ಯಾಶ್ ಬುಕ್ ಜೊತೆ ಆ ಪುಟದ ಹೆಸರಿಲ್ಲದ ಒಂದು ಖಾಲಿ ನಮೂನೆ ಮತ್ತು ಪ್ರೊಬೇಷನ್ ಆಫೀಸರ್ ನಂಬರನ್ನೂ ಸೇರಿಸಿ ಸಹಿ ತೆಗೆದುಕೊಂಡೆ. ಹೊಸ ಎಚ್.ಎಂ. "ಇದೇನ್ ಸಾರ್ ಇದು?" ಅಂತ ಕೇಳಿದರು. ಕೂರಿಸಿಕೊಂಡು ಹೇಳಿದೆ.