ಪಿಯುಸಿ ಆಯ್ತು, ಥಿಯರಿಟಿಕಲ್ ಫಿಸಿಕ್ಸ್ ಕಡೆ ಹೋಗುವುದು ಹೇಗೆ?

ಸೆಕೆಂಡ್ ಪಿಯು ರಿಸಲ್ಟ್ ಬಂದ ವಾರ ಮಂಗಳೂರು, ಉಡುಪಿಯ ಮನೆಗಳಲ್ಲಿ ಎರಡೇ ಮಾತು: ನೀಟ್ ಎಷ್ಟಾಗಬಹುದು, ಸಿಇಟಿ ರ‍್ಯಾಂಕ್ ಎಷ್ಟು ಬರಬಹುದು. ಅದರ ನಡುವೆ ಮಗಳು 'ನಾನು ಫಿಸಿಕ್ಸ್ ಓದುತ್ತೇನೆ' ಅಂದರೆ, 'ಓದಿ ಮತ್ತೆ ಎಂತ ಮಾಡುವುದು?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಶ್ನೆ ತಪ್ಪಲ್ಲ. ಇದು ಉದ್ದದ ದಾರಿ. ಆದರೆ ನಮ್ಮ ಮಕ್ಕಳು ಹಿಂದೆ ಬೀಳುವುದು ಬುದ್ಧಿ ಕಡಿಮೆಯಾಗಿ ಅಲ್ಲ. ಯಾವ ಪರೀಕ್ಷೆಯನ್ನು ಯಾವಾಗ ಬರೆಯಬೇಕು ಎಂಬುದು ಸಮಯಕ್ಕೆ ಸರಿಯಾಗಿ ಗೊತ್ತಾಗದೆ.

ಹಂತ 1: ಮೊದಲು ನಿಮ್ಮನ್ನು ನೀವೇ ನೋಡಿಕೊಳ್ಳಿ

ಬ್ಲ್ಯಾಕ್ ಹೋಲ್ ವಿಡಿಯೊ ಎಲ್ಲರಿಗೂ ಇಷ್ಟ. ಆದರೆ ಥಿಯರಿ ಅಂದರೆ ದಿನವಿಡೀ ಗಣಿತ. ಒಂದು ಕಷ್ಟದ ಲೆಕ್ಕ ತೆಗೆದುಕೊಳ್ಳಿ, ಉತ್ತರ ನೋಡದೆ ಸುಮ್ನೆ ಒಂದು ಸಂಜೆ ಅದರೊಂದಿಗೆ ಕುಳಿತುಕೊಳ್ಳಿ. ಕೋಚಿಂಗ್ ಕ್ಲಾಸು ಎರಡು ನಿಮಿಷದಲ್ಲಿ ಬಿಡಿಸಲು ಕಲಿಸುತ್ತದೆ. ಇಲ್ಲಿ ಒಂದೇ ಲೆಕ್ಕ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಕೂರುವಿಕೆಯೇ ಬೇಜಾರು ಅನ್ನಿಸಿದರೆ ಥಿಯರಿ ಬೇಡ. ಪ್ರಯೋಗದ ಫಿಸಿಕ್ಸ್‌ಗೆ ಹೋಗಬಹುದು, ಅದೇನೂ ಕೆಳಗಿನ ದರ್ಜೆಯಲ್ಲ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಕಾಸ್ಮಿಕ್ ಕಿರಣಗಳ ಸಂಶೋಧನೆಯಿಂದ ಶುರುಮಾಡಿ ಇಸ್ರೊ ಅಧ್ಯಕ್ಷರಾದವರು.

ಹಂತ 2: ಪಿಯುಸಿ ಜೊತೆಗೇ ಬರೆಯುವ ಪರೀಕ್ಷೆಗಳು

ಮೂಲ ವಿಜ್ಞಾನ ಕಲಿಸುವ ಕೇಂದ್ರದ ಸಂಸ್ಥೆಯಾದ ಐಸರ್ ಸೇರಲು ಅದರದೇ ಪ್ರವೇಶ ಪರೀಕ್ಷೆ ಐಎಟಿ ಬರೆಯಬೇಕು. ದೇಶದಲ್ಲಿ ಏಳು ಐಸರ್‌ಗಳಿವೆ, ಕೋರ್ಸು ಐದು ವರ್ಷದ ಬಿಎಸ್-ಎಂಎಸ್. ಇಂಥವೇ ಸಂಸ್ಥೆಗಳಾದ ಭುವನೇಶ್ವರದ ನೈಸರ್ ಮತ್ತು ಮುಂಬೈಯ ಸಿಇಬಿಎಸ್‌ಗೆ ನೆಸ್ಟ್ ಎಂಬ ಪರೀಕ್ಷೆ. ಬೆಂಗಳೂರಿನ ಐಐಎಸ್‌ಸಿಯ ನಾಲ್ಕು ವರ್ಷದ ಪದವಿಗೆ ಜೆಇಇ ಅಂಕವೂ ನಡೆಯುತ್ತದೆ, ಐಎಟಿ ಅಂಕವೂ ನಡೆಯುತ್ತದೆ. ಒಂದು ಕಿವಿಮಾತು: ಐಎಟಿಯ 60 ಪ್ರಶ್ನೆಗಳಲ್ಲಿ 15 ಬಯಾಲಜಿಯವು. ಬಯಾಲಜಿ ಇಲ್ಲದ ಪಿಸಿಎಂಸಿ ತೆಗೆದುಕೊಂಡವರಿಗೆ ಇದು ಕೊನೆ ಗಳಿಗೆಯಲ್ಲಿ ಗೊತ್ತಾಗಿ ತಲೆಬಿಸಿ ಆಗುತ್ತದೆ.

ಹಂತ 3: ಸೀಟು ಸಿಗಲಿಲ್ಲವೇ? ಊರಲ್ಲೇ ಬಿಎಸ್ಸಿ

ನನ್ನ ಪ್ರಕಾರ ಹೆಚ್ಚಿನವರ ದಾರಿ ಇದೇ, ಮತ್ತು ಇದು ಸೋಲಲ್ಲ. ಮಂಗಳೂರಿನ ಅಲೋಶಿಯಸ್, ಹಂಪನಕಟ್ಟೆಯ ಯೂನಿವರ್ಸಿಟಿ ಕಾಲೇಜು, ಉಡುಪಿಯ ಎಂಜಿಎಂ, ಪೂರ್ಣಪ್ರಜ್ಞ ಹೀಗೆ ಹಳೆಯ ಕಾಲೇಜುಗಳು ನಮ್ಮಲ್ಲಿವೆ. ಎಲ್ಲಿ ಸೇರಿದರೂ ಗಣಿತ ಇರುವ ಕಾಂಬಿನೇಷನ್ನೇ ಇರಲಿ. ಗಣಿತ ಬಿಟ್ಟರೆ ಥಿಯರಿಯ ಬಾಗಿಲು ಅಲ್ಲಿಗೇ ಮುಚ್ಚಿತು.

ಕಾಲೇಜಿನ ಸಿಲೆಬಸ್ ಮಾತ್ರ ನಂಬಿ ಕುಳಿತುಕೊಳ್ಳಬೇಡಿ. ಮೊದಲ ವರ್ಷ ಲೀನಿಯರ್ ಆಲ್ಜಿಬ್ರಾ, ಡಿಫರೆನ್ಷಿಯಲ್ ಈಕ್ವೇಷನ್ ಗಟ್ಟಿ ಮಾಡಿಕೊಳ್ಳಿ. ಎರಡನೇ ವರ್ಷ ಕ್ಲಾಸಿಕಲ್ ಮೆಕ್ಯಾನಿಕ್ಸ್ ಮತ್ತು ಎಲೆಕ್ಟ್ರೊಮ್ಯಾಗ್ನೆಟಿಸಂ. ಆಮೇಲೆ ಕ್ವಾಂಟಂ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರೊಫೆಸರುಗಳ ವಿಡಿಯೊ ಪಾಠ ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಪಾಠ ನೋಡಿದ್ದು ಕಲಿತದ್ದಲ್ಲ, ಲೆಕ್ಕ ನೀವೇ ಮಾಡಬೇಕು. ಇಂಗ್ಲಿಷ್ ಪುಸ್ತಕ ಮೊದಲ ತಿಂಗಳು ಕಬ್ಬಿಣದ ಕಡಲೆ. ಕನ್ನಡ ಮೀಡಿಯಂನಿಂದ ಬಂದವರು ಅದಕ್ಕೆ ಹೆದರಿ ಬಿಡಬೇಡಿ, ಸಮೀಕರಣ ಎಲ್ಲರಿಗೂ ಒಂದೇ. ಜೊತೆಗೆ ಪೈಥಾನ್ ಎಂಬ ಕೋಡಿಂಗ್ ಭಾಷೆ ಕಲಿಯಿರಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಬೇಸಿಗೆ ರಜೆಯಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಸಮ್ಮರ್ ಫೆಲೊಶಿಪ್‌ಗೆ ಅರ್ಜಿ ಹಾಕಿ. ಸಿಕ್ಕಿದರೆ ಎರಡು ತಿಂಗಳು ನಿಜವಾದ ಸಂಶೋಧಕರ ಜೊತೆ ಕೆಲಸ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಕೇಂದ್ರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 80,000 ರೂಪಾಯಿ. ನಮ್ಮ ಎರಡೂ ಜಿಲ್ಲೆಗಳು ಪಿಯುಸಿ ಫಲಿತಾಂಶದಲ್ಲಿ ಮೇಲೆಯೇ ಇರುವುದಲ್ವಾ? ಅರ್ಜಿ ಹಾಕದೆ ಕಳೆದುಕೊಳ್ಳಬೇಡಿ.

ಹಂತ 4: ಎಂಎಸ್ಸಿ

ಡಿಗ್ರಿಯ ಕೊನೆ ವರ್ಷ ಜಾಮ್ ಎಂಬ ಎಂಎಸ್ಸಿ ಪ್ರವೇಶ ಪರೀಕ್ಷೆ ಬರೆಯಿರಿ. ಐಐಟಿಗಳು, ಸುರತ್ಕಲ್‌ನ ಎನ್‌ಐಟಿಕೆ, ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿ ಎಲ್ಲಕ್ಕೂ ಅದೇ ಕೀಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ. ಮನೆ ಬಿಡಲು ಆಗದವರಿಗೆ ಕೊಣಾಜೆಯ ಮಂಗಳೂರು ವಿವಿ ಇದೆ.

ಹಂತ 5: ಪಿಎಚ್‌ಡಿ

ಜೆಸ್ಟ್, ಟಿಐಎಫ್ಆರ್ ಪರೀಕ್ಷೆ, ಸಿಎಸ್‌ಐಆರ್ ನೆಟ್, ಗೇಟ್: ಪಿಎಚ್‌ಡಿ ಸೇರಲು ಬರೆಯುವ ಪರೀಕ್ಷೆಗಳು ಇವು. ಬೆಂಗಳೂರಿನ ಐಸಿಟಿಎಸ್, ರಾಮನ್ ಸಂಶೋಧನಾ ಸಂಸ್ಥೆ, ಚೆನ್ನೈನ ಐಎಂಎಸ್‌ಸಿ, ಪುಣೆಯ ಅಯೂಕಾ ಥಿಯರಿಗೆ ಒಳ್ಳೆಯ ಜಾಗಗಳು. ಹಣದ ಮಾತು ಮನೆಯಲ್ಲಿ ಬಿಡಿಸಿ ಹೇಳಿ: ಜೆಆರ್‌ಎಫ್ ಎಂಬ ಸಂಶೋಧನಾ ಫೆಲೊಶಿಪ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ನಂತರ 42,000. ಅಂದರೆ ಇಪ್ಪತ್ತಮೂರು, ಇಪ್ಪತ್ತನಾಲ್ಕರ ಪ್ರಾಯದಿಂದ ಖರ್ಚಿಗೆ ಅಪ್ಪನ ಕೈ ನೋಡಬೇಕಿಲ್ಲ. ಆದರೆ ಪಿಎಚ್‌ಡಿಗೆ ಐದಾರು ವರ್ಷ, ಮತ್ತೆ ಎರಡು ಮೂರು ಕಡೆ ತಾತ್ಕಾಲಿಕ ಸಂಶೋಧನಾ ಕೆಲಸ, ಅಂದರೆ ಪೋಸ್ಟ್‌ಡಾಕ್, ಹೆಚ್ಚಾಗಿ ಹೊರದೇಶದಲ್ಲಿ. ಖಾಯಂ ಕೆಲಸ ಸಿಗುವಾಗ ಮೂವತ್ತಮೂರು ದಾಟಿರುತ್ತದೆ. ಹುದ್ದೆಗಳಿಗಿಂತ ಅರ್ಜಿಗಳು ಜಾಸ್ತಿ.

ಕೆಲಸದ ಫಲವೂ ನಿಧಾನ. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ ಅವರು ಕಪ್ಪು ಕುಳಿ (ಬ್ಲ್ಯಾಕ್ ಹೋಲ್) ಕದಡಿದಾಗ ಗಂಟೆಯ ನಾದದಂತೆ ಗುರುತ್ವ ಅಲೆಗಳನ್ನು ಹೊಮ್ಮಿಸಿ ಶಾಂತವಾಗುತ್ತದೆ ಎಂದು ಲೆಕ್ಕದಲ್ಲಿ ತೋರಿಸಿದ್ದು 1970ರಲ್ಲಿ. ಗುರುತ್ವ ಅಲೆಗಳು ಮೊದಲ ಸಲ ಉಪಕರಣಕ್ಕೆ ಸಿಕ್ಕಿದ್ದು 2015ರಲ್ಲಿ.

ಪೈಥಾನ್ ಮಾತಿಗೆ ಬರೋಣ. ಥಿಯರಿ ಓದಿದವರಲ್ಲಿ ಪ್ರೊಫೆಸರ್ ಆಗದವರು ಕೈಕಟ್ಟಿ ಕೂರುವುದಿಲ್ಲ. ಡೇಟಾ ಸೈನ್ಸ್, ಹಣಕಾಸು ಕಂಪನಿಗಳ ಲೆಕ್ಕಾಚಾರ, ಚಿಪ್ ವಿನ್ಯಾಸ, ಕ್ವಾಂಟಂ ಕಂಪ್ಯೂಟಿಂಗ್ ಇವೆಲ್ಲ ಅವರನ್ನು ಕರೆಯುತ್ತವೆ. 2023ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,000 ಕೋಟಿ ರೂಪಾಯಿಗೂ ಹೆಚ್ಚು ಮಂಜೂರು ಮಾಡಿದೆ. ಗಣಿತದ ಜೊತೆ ಕೋಡಿಂಗ್ ಕೈಯಲ್ಲಿದ್ದರೆ ಎಂಎಸ್ಸಿ ಮುಗಿಸಿಯೂ ಹೊರಗೆ ಹೋಗಬಹುದು, ಪಿಎಚ್‌ಡಿ ಮುಗಿಸಿಯೂ ಹೋಗಬಹುದು. ಕಾಲೇಜು ಲೆಕ್ಚರರ್ ಆಗುವ ಮನಸ್ಸಿದ್ದರೆ ಎಂಎಸ್ಸಿ ಆದ ಕೂಡಲೇ ಕೆ-ಸೆಟ್ ಅರ್ಹತಾ ಪರೀಕ್ಷೆ ಬರೆದಿಟ್ಟುಕೊಳ್ಳಿ.